ಬಾಯಿ ಬಿಡಬೇಡಿ

ಕಾರಿನ ಬಲಬದಿಯ ಗೀರು ಹೊಸದು. ಮೊಳಕ್ಕಿಂತ ಸ್ವಲ್ಪ ಕಡಿಮೆ ಉದ್ದ. ಮುದುಕರು ಒದ್ದೆ ಬಟ್ಟೆ ಹಿಡಿದು ಅದನ್ನೇ ಒರೆಸುತ್ತಿದ್ದರು. ಒರೆಸಿದಷ್ಟೂ ಅದು ಎದ್ದು ಕಾಣುತ್ತಿತ್ತು.

ಮೆಟ್ಟಿಲಲ್ಲಿ ಚಪ್ಪಲಿಯ ಸದ್ದಾಯಿತು. ಮುದುಕರು ಬಟ್ಟೆ ಮಡಚಿಕೊಂಡು ಪಕ್ಕಕ್ಕೆ ಸರಿದರು. ಮಗಳು ಫೋನಿನಲ್ಲಿ ಮುಳುಗಿಕೊಂಡೇ ಬಂದು ಕಾರು ಹತ್ತಿ ಕೂತಳು.

ಮೇಲಿನ ಕಿಟಕಿಯಿಂದ ಹೆಂಡತಿ ಕೂಗಿದರು. "ರೀ, ಇವತ್ತಾದರೂ ಧೈರ್ಯ ಮಾಡಿ!"

"ಮಾಡ್ತೀನಿ ಕಣೇ."

"ಅಷ್ಟುದ್ದದ ಟ್ರೇಲರ್ ಎಳೆದೋರು, ಡಾಕ್ಟರ ಮುಂದೆ ಬೆಕ್ಕಿನ ಮರಿ ಆಗ್ಬೇಡಿ."

ಮುದುಕರು ನಗಲಿಲ್ಲ. ಕಾರು ಚಾಲೂ ಮಾಡಿದರು.

ಇಪ್ಪತ್ತೆಂಟನೆಯ ವಯಸ್ಸಿಗೆ ಹೊಟ್ಟೆಪಾಡಿಗೆಂದು ಈ ದೇಶಕ್ಕೆ ಬಂದವರು. ಬಂದರಿನಿಂದ ಗೋದಾಮಿಗೆ ಮೂವತ್ತೇಳು ವರ್ಷ ಟ್ರೇಲರ್ ಓಡಿಸಿ ನಿವೃತ್ತರಾದರು. ಊರಿನಲ್ಲಿ ರಸ್ತೆಯ ಎಡಕ್ಕೆ ಓಡಿಸಿ ರೂಢಿ, ಇಲ್ಲಿ ಬಲಕ್ಕೆ. ಎಂಟೇ ದಿನದಲ್ಲಿ ಕೈಕಾಲು ಒಗ್ಗಿಹೋಗಿದ್ದವು. ಇಲ್ಲಿನ ಮಾತು ಅರ್ಥವಾಗುತ್ತಿತ್ತು, ಅಕ್ಷರ ಮಾತ್ರ ಹತ್ತಲಿಲ್ಲ. ಜೊತೆಗೆ ದುಡಿದವರೆಲ್ಲ ಊರಿನ ಕಡೆಯವರೇ ಆದ್ದರಿಂದ ಹಾಗೇ ನಡೆದುಹೋಯಿತು.

ಈಗ ಎಪ್ಪತ್ತೊಂದು. ಎಪ್ಪತ್ತು ದಾಟಿದವರು ಡಾಕ್ಟರ ಕಾಗದ ತರಬೇಕು. ತರದಿದ್ದರೆ ಲೈಸೆನ್ಸ್ ಇಲ್ಲ.

"ಅಪ್ಪ, ಕೇಳಿಸ್ಕೊಳ್ಳಿ." ಮಗಳು ಫೋನು ಕೆಳಗಿಟ್ಟಳು. "ಮೊನ್ನೆ ತಲೆ ಗಿರ್ ಅಂತು ಅಂದ್ರಲ್ಲ, ಅದು ಬಿಸಿಲಿಗೆ ಆಗಿದ್ದು. ಡಾಕ್ಟರ ಹತ್ರ ಅದನ್ನೆಲ್ಲ ಬಾಯಿ ಬಿಡಬೇಡಿ."

ಮುದುಕರು ರಸ್ತೆಯನ್ನೇ ನೋಡುತ್ತಿದ್ದರು.

"ನಿಮ್ಮ ಅಳಿಯ ಹಡಗಲ್ಲಿ. ನನಗೆ ಬೆಳಿಗ್ಗೆ ಆರಕ್ಕೆ ಆಸ್ಪತ್ರೆ ಲಾಂಡ್ರಿ. ಪುಟ್ಟಿನ ಸ್ಕೂಲಿಗೆ ಬಿಡೋರು ಇನ್ಯಾರಿದಾರೆ ಹೇಳಿ? ಲೈಸೆನ್ಸ್ ಹೋದ್ರೆ ನಾನು ಕೆಲಸ ಬಿಟ್ಟು ಮನೇಲಿ ಕೂರಬೇಕು. ಬಾಯಿ ಬಿಡಲ್ಲ ತಾನೆ?"

"ಇಲ್ಲಮ್ಮ. ಬಾಯಿ ಬಿಡಲ್ಲ."

"ಆಣೆ?"

"ನಿನ್ನಾಣೆ."

ನಿನ್ನೆ ಶಾಲೆಯ ತಿರುವಿನಲ್ಲಿ ರಸ್ತೆ ತಟ್ಟೆಯ ಹಾಗೆ ಒಂದು ಕಡೆಗೆ ವಾಲಿತ್ತು. ಕಣ್ಣು ತಿಳಿಯಾಗುವಷ್ಟರಲ್ಲಿ ಕಾರು ಫುಟ್‌ಪಾತ್ ಹತ್ತಿ ಕಂಬಕ್ಕೆ ಸವರಿಕೊಂಡು ನಿಂತಿತ್ತು. ಮಕ್ಕಳನ್ನು ದಾಟಿಸುವ ಹೆಂಗಸು ಕೈಯಲ್ಲಿದ್ದ ಫಲಕ ಎಸೆದು ಪಕ್ಕಕ್ಕೆ ಹಾರಿದ್ದಳು. ಹಿಂದಿನ ಸೀಟಿನಲ್ಲಿ ಆರು ವರ್ಷದ ಮೊಮ್ಮಗಳು ಚಪ್ಪಾಳೆ ತಟ್ಟಿದ್ದಳು. "ತಾತ, ಇನ್ನೊಂದ್ಸಲ!"

ಕ್ಲಿನಿಕ್ಕಿನಲ್ಲಿ ಮಗಳನ್ನು ಹೊರಗೇ ಕೂರಿಸಿದರು. ಒಳಗೆ ಬಿಳಿ ಗೋಡೆ, ತೂಕದ ಯಂತ್ರ, ಕಂಪ್ಯೂಟರಿನ ಹಿಂದೆ ಚಿಕ್ಕ ವಯಸ್ಸಿನ ಡಾಕ್ಟರು. ಕಣ್ಣಿಗೆ ದೀಪ ಬಿಟ್ಟರು. ಪೊರೆ ತೆಗೆಸಿದ ಕಣ್ಣು, ಚೆನ್ನಾಗಿಯೇ ಇತ್ತು. ರಕ್ತದೊತ್ತಡ ನೋಡಿದರು. ಸ್ವಲ್ಪ ಹೆಚ್ಚು, ಗಾಬರಿಗೆ ಇರಬೇಕು ಎಂದರು. ಆಮೇಲೆ ಪ್ರಶ್ನೆಗಳು. ಐದು.

"ತಲೆ ಸುತ್ತು ಬರುತ್ತದೆಯೇ?"

ಮುದುಕರು ಬಾಯಿ ಬಿಡಲಿಲ್ಲ. ತಲೆಯಾಡಿಸಿದರು.

ಡಾಕ್ಟರು ಒಂದು ಗುಂಡಿ ಒತ್ತಿದರು.

"ಪ್ರಜ್ಞೆ ತಪ್ಪಿದ್ದು ಉಂಟೇ?"

ತಲೆಯಾಡಿಸಿದರು.

"ಓಡಿಸುವಾಗ ಕಣ್ಣು ಮಂಜಾಗುವುದು?"

ಅದಕ್ಕೂ ತಲೆಯಾಡಿಸಿದರು.

"ಇತ್ತೀಚೆಗೆ ಎಲ್ಲಾದರೂ ಗುದ್ದಿದ್ದು?"

ಮತ್ತೆ ಅದೇ ಉತ್ತರ.

"ಕೊನೆಯದು. ಇನ್ನು ಓಡಿಸುವುದು ಸಾಕು, ನಿಲ್ಲಿಸಬೇಕು ಎಂದು ನಿಮಗೇ ಅನ್ನಿಸಿದೆಯೇ?"

ಈ ಸಲ ಎಷ್ಟು ಜೋರಾಗಿ ತಲೆಯಾಡಿಸಿದರೆಂದರೆ ಕನ್ನಡಕ ಮೂಗಿನ ತುದಿಗೆ ಜಾರಿತು. ಡಾಕ್ಟರು ನಕ್ಕರು. ಮುದ್ರೆ ಒತ್ತಿ ಕಾಗದ ಕೊಟ್ಟು, ಹೊರಗೆ ಮಗಳ ಕೈಗೆ ತಲುಪಿಸಿ ಎಂದರು.

ಮುದುಕರು ಎದ್ದು ನಿಂತಾಗ ಮೈ ಹಗುರವಾಗಿತ್ತು. ಎಷ್ಟೋ ದಿನದಿಂದ ಹೆಗಲ ಮೇಲಿದ್ದ ಮೂಟೆಯನ್ನು ಯಾರೋ ಇಳಿಸಿಕೊಂಡ ಹಾಗೆ. ಆಣೆಯೂ ಮುರಿದಿರಲಿಲ್ಲ. ಹೊರಗೆ ಬಂದವರೇ ಕಾರಿನ ಕೀಲಿಯನ್ನು ಮಗಳ ಮಡಿಲಿಗೆ ಹಾಕಿದರು. "ಇನ್ನು ನೀನೇ ಓಡಿಸು ತಾಯಿ. ನನ್ನನ್ನ ಬೈಬೇಡ."

"ಅಯ್ಯೋ, ಯಾಕೆ ಬೈಲಿ? ಕೊಡಿ ಇಲ್ಲಿ." ಅವಳು ಕಾಗದ ಕಿತ್ತುಕೊಂಡಳು. ಬಾಗಿಲು ದಾಟಿ ಬಸ್ ನಿಲ್ದಾಣದ ಕಡೆಗೆ ನಡೆಯುತ್ತಲೇ ಓದತೊಡಗಿದಳು. ಮುದುಕರು ಎರಡು ಹೆಜ್ಜೆ ಹಿಂದೆ, ಮುಖ ತಗ್ಗಿಸಿಕೊಂಡು.

ಅವಳು ಗಕ್ಕನೆ ನಿಂತಳು. ತಿರುಗಿದಾಗ ಕಣ್ಣಲ್ಲಿ ನೀರಿತ್ತು.

"ಅಪ್ಪ! ಮೂರು ವರ್ಷಕ್ಕೆ ಕೊಟ್ಟಿದಾರೆ! ತಲೆಸುತ್ತು ಇಲ್ಲ, ಪ್ರಜ್ಞೆ ತಪ್ಪಿಲ್ಲ, ಎಲ್ಲೂ ಗುದ್ದಿಲ್ಲ. ಓಡಿಸೋ ಉತ್ಸಾಹ ಚೆನ್ನಾಗಿದೆ ಅಂತ ಬೇರೆ ಬರೆದಿದಾರೆ."

"ಇಲ್ಲ ಅಂತ ಯಾರಂದ್ರು?"

"ನೀವೇ ಅಲ್ವಾ? ತಲೆಯಾಡಿಸಿ ಉತ್ತರ ಕೊಟ್ಟರು ಅಂತ ಇದೆ ನೋಡಿ. ಬಾಯಿ ಬಿಡಬೇಡಿ ಅಂದ್ರೆ ಅಷ್ಟೊಂದಾ!" ಅವಳು ನಗುತ್ತಾ ಕೀಲಿಯನ್ನು ಅವರ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು. "ಇವತ್ತು ಮಧ್ಯಾಹ್ನದ ಪಾಳಿ ಹಾಕಿಸ್ಕೊಂಡಿದೀನಿ, ಹೀಗೇ ಕೆಲಸಕ್ಕೆ ಹೋಗ್ತೀನಿ. ಪುಟ್ಟಿ ಸ್ಕೂಲು ಇನ್ನು ಕಾಲು ಗಂಟೇಲಿ ಬಿಡುತ್ತೆ, ಕರ್ಕೊಂಡ್ ಬನ್ನಿ."

"ಅಮ್ಮ, ನಿಲ್ಲು, ನಾನು ಹೇಳಿದ್ದು..."

ಅವಳು ಓಡಿ ಹತ್ತಿದ ಬಸ್ಸಿನ ಬಾಗಿಲು ಮುಚ್ಚಿಕೊಂಡಿತು. ಕಿಟಕಿಯ ಆಚೆಯಿಂದ ಮಗಳು ಕೈ ಬೀಸಿದಳು.

ಐದು ಪ್ರಶ್ನೆಗೂ ಮುದುಕರು ಹೇಳಿದ್ದು ಹೌದು ಎಂದೇ. ನಮ್ಮವರೆಲ್ಲ ಹೌದು ಅನ್ನುವ ಹಾಗೆ, ತಲೆಯನ್ನು ಆ ಭುಜಕ್ಕೊಮ್ಮೆ ಈ ಭುಜಕ್ಕೊಮ್ಮೆ ತೂಗಿ.