ಹನ್ನೆರಡು ವರ್ಷದ ನಂತರದ ತಪಾಸಣೆ

ಗಾಲಿಕುರ್ಚಿಯಲ್ಲಿ ಕೂತಿದ್ದ ಹದಿನೇಳರ ಮಗಳ ಕಾಲುಗಳನ್ನು ಡಾಕ್ಟರು ಮಡಚಿ, ಬಿಡಿಸಿ ನೋಡಿದರು. ಸೆರೆಬ್ರಲ್ ಪಾಲ್ಸಿಯಿಂದ ಸೆಟೆದಿದ್ದ ಆ ಕಾಲುಗಳನ್ನು ಸಡಿಲಿಸಲೆಂದು ಹನ್ನೆರಡು ವರ್ಷದ ಹಿಂದೆ ಅವಳ ಬೆನ್ನಿನಲ್ಲಿ ನರ ಕತ್ತರಿಸಿದವರು ಅವರೇ.

“ಕೊರಡಿನ ಹಾಗಿದ್ದ ಕಾಲು ಎಷ್ಟು ಸಡಿಲ ಆಗಿದೆ ನೋಡಿ. ಆಪರೇಷನ್ ಸಕ್ಸಸ್.”

ಅಪ್ಪ ಸಿಡಿದ. “ಸಡಿಲ ತಗೊಂಡು ಉಪ್ಪಿನಕಾಯಿ ಹಾಕ್ಲಾ ಸ್ವಾಮಿ? ಎತ್ತಿ ಹಿಡಿದ್ರೂ ನಿಲ್ಲಲ್ಲ ಇವಳು! ಬಚ್ಚಲಿಗೂ ಇವಳಮ್ಮನೇ ಹೊರಬೇಕು!”

“ಸೆಟೆತ ಹೋಗುತ್ತೆ, ನಡಿಗೆ ನನ್ನ ಕೈಲಿಲ್ಲ ಅಂತ ಅವತ್ತೇ ಹೇಳಿದ್ದೆ. ಆಗ ಹೇಗಿತ್ತು, ನೀವೇ ನೋಡಿ.” ಡಾಕ್ಟರು ಹಳೆಯ ವಿಡಿಯೊ ಹಾಕಿ ಕಂಪ್ಯೂಟರನ್ನು ಇವರತ್ತ ತಿರುಗಿಸಿದರು.

“ಅದೆಲ್ಲ ಬೇಡ, ಆರಿಸ್ರೀ!” ಅಪ್ಪ ಎದ್ದು ನಿಂತ.

ಪರದೆಯ ಮೇಲೆ ಐದು ವರ್ಷದ ಅದೇ ಮಗಳು ಗೋಡೆ ಬಿಟ್ಟು, ತುದಿಗಾಲಲ್ಲಿ, ಮೊಣಕಾಲಿಗೆ ಮೊಣಕಾಲು ಉಜ್ಜುತ್ತ, ನಗುತ್ತ ಅಮ್ಮನತ್ತ ಬಂದಳು. ವಿಡಿಯೊದಲ್ಲೇ ಹಿಂದಿನಿಂದ ಅಪ್ಪನ ಅಂದಿನ ದನಿ ಕೇಳಿಸಿತು: “ಈ ಸೊಟ್ಟ ನಡಿಗೆ ನೋಡಕ್ಕಾಗಲ್ಲ ಡಾಕ್ಟ್ರೇ. ಕತ್ತರಿಸಿ, ನೆಟ್ಟಗೆ ಮಾಡಿಕೊಡಿ.”

ಮಗಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಹುಟ್ಟಿದಾಗಿಂದ ನಾನು ನಡೆದೇ ಇಲ್ಲ ಅಂತಿದ್ಯಲ್ಲಪ್ಪಾ?”