ಕಿವಿಯ ಬಳಿಯ ಮಾತು

“ಆಕ್ಸಿಜನ್ ಇಳೀತಾ ಇದೆ ಸರ್,” ಎಂದಳು ನರ್ಸ್. ವೆಂಟಿಲೇಟರ್ ಮೇಲಿದ್ದ ಮುದುಕರ ಶ್ವಾಸನಾಳದೊಳಗೆ ಕ್ಯಾಮೆರಾದ ಸಪೂರ ಕೊಳವೆ ಇಳಿಸಿದ್ದ ಡಾಕ್ಟರು ಪರದೆಯಿಂದ ಕಣ್ಣು ಕೀಳಲಿಲ್ಲ. “ಕಫ ಗಟ್ಟಿಯಾಗಿ ಕಚ್ಕೊಂಡಿದೆ. ಇದನ್ನ ತೆಗೀದಿದ್ರೆ ಇವರು ಉಳಿಯಲ್ಲ. ತಲೆ ಅಲ್ಲಾಡದ ಹಾಗೆ ಹಿಡ್ಕೊಳ್ಳಿ ಸಿಸ್ಟರ್.”

ಒಂದು ಕೈಯಲ್ಲಿ ತಲೆ, ಇನ್ನೊಂದರಲ್ಲಿ ಅವರ ತಣ್ಣಗಿನ ಅಂಗೈ ಹಿಡಿದು ಅವಳು ಕಿವಿಯ ಬಳಿ ಬಾಗಿದಳು. “ಹೆದರ್ಬೇಡಿ ಅಜ್ಜಾ, ಏನೂ ಆಗಲ್ಲ,” ಎಂದು ಎಲ್ಲ ರೋಗಿಗಳಿಗೂ ಹೇಳುವುದನ್ನೇ ಹೇಳಿದಳು. ಅಷ್ಟಕ್ಕೆ ಬಾಯಿ ನಿಲ್ಲಲಿಲ್ಲ. “ನಮ್ಮನೆ ನಲ್ಲಿ ಸೋರ್ತಾ ಇತ್ತು. ನಿನ್ನೆ ನಾನೇ ಬಿಚ್ಚಿ ರಿಪೇರಿ ಮಾಡ್ದೆ ಅಜ್ಜಾ. ಮೈಯೆಲ್ಲ ಒದ್ದೆಯಾಗಿ ನಗು ಬಂತು. ಯಾರ ಹತ್ರ ಹೇಳ್ಕೊಳ್ಳಲಿ? ಅಮ್ಮ ಹೋದ್ಮೇಲೆ ಮನೇಲಿ ನನ್ನ ದನಿ ನನಗೇ ಮರೆತುಹೋಗಿದೆ.”

ಕೊಳವೆಯ ತುದಿಗೆ ಅಂಟಿಕೊಂಡು ಕಫದ ಗಂಟು ಹೊರಬಂತು. ಮಾನಿಟರಿನ ಅಂಕಿ ನಿಧಾನವಾಗಿ ಮೇಲೇರಿತು. ಕುಸಿದಿದ್ದ ಎಡಗಡೆಯ ಎದೆಯೂ ಉಬ್ಬಿ ಇಳಿಯತೊಡಗಿತು. ಡಾಕ್ಟರು ಹಗುರಾಗಿ ಉಸಿರುಬಿಟ್ಟು ಕೈಗವಸು ಕಳಚಿದರು. “ಸದ್ಯ, ಬಚಾವಾದ್ರು. ಅಲ್ಲ ಸಿಸ್ಟರ್, ಅಷ್ಟೊತ್ತು ಮಾತಾಡಿದ್ರಲ್ಲ, ಅವರು ಪೂರ್ತಿ ಮತ್ತಲ್ಲಿದ್ದಾರೆ. ಒಂದು ಮಾತೂ ಕೇಳ್ಸಿರಲ್ಲ.”

“ಗೊತ್ತು ಸರ್,” ಎಂದಳು. ಮತ್ತಿನ ಇಂಜೆಕ್ಷನ್ ಕೊಟ್ಟದ್ದೂ ಅವಳೇ.

“ಸರಿ, ಇನ್ನು ಕೈ ಬಿಡಿ. ಪಕ್ಕದ ಬೆಡ್ ನೋಡೋಣ.”

ಅವಳು ತಲೆಯಾಡಿಸಿದಳು, ಆದರೆ ಕೈ ಬಿಡಲಿಲ್ಲ. ಮುದುಕರ ಬೆರಳುಗಳು ಆಗಿನಿಂದಲೂ ಸಡಿಲವಾಗಿಯೇ ಇದ್ದವು. ಬಿಗಿಹಿಡಿತವೆಲ್ಲ ಅವಳದ್ದೇ ಆಗಿತ್ತು.