ಅರವತ್ತೆರಡು ಡಿಗ್ರಿ

ಸೋಮವಾರ ಕನ್ನಡಿಯಂತೆ ಚೊಕ್ಕ ಮಾಡಿದ್ದ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಬುಧವಾರ ಮತ್ತೆ ಕಸ ಕಟ್ಟಿಕೊಂಡಿತ್ತು. ಅವಳು ಫ್ಯಾನ್ ಬಿಚ್ಚಿ, ಚಿಮುಟದಿಂದ ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದಳು. ಧೂಳಲ್ಲ. ಉಣ್ಣೆ. ಕಂದು ಬಣ್ಣ.

ಯಾರೋ ಬೇಕೆಂದೇ ಮಾಡುತ್ತಿದ್ದಾರೆ.

"ಏನಮ್ಮ, ಇವತ್ತೂ ಮಲಗ್ತಾ ನಿನ್ನ ಕೂಸು?" ತಾತ ಕುರ್ಚಿ ತಿರುಗಿಸಿ ಕೇಳಿದ. ಎಂಟು ಟೈಪಿಸ್ಟುಗಳಲ್ಲಿ ಅವನೇ ಹಿರಿಯ. ಎಲ್ಲರಿಗೂ ತಾತ.

"ಮಲಗಲಿಲ್ಲ. ಯಾರೋ ಮಲಗಿಸಿದ್ರು."

ಎಂಟೂ ಜನ ನಕ್ಕು ಚಹಾಕ್ಕೆ ಎದ್ದರು.

ಆಸ್ಪತ್ರೆಗಳ ಹಳೆಯ ಕೈಬರಹದ ಹಾಳೆಗಳನ್ನು ಓದಿ ಟೈಪ್ ಮಾಡುವುದು ಅವರ ಕೆಲಸ. ಟೈಪಾದದ್ದೆಲ್ಲ, ಮೂಲ ಹಾಳೆಯ ಚಿತ್ರದ ಜೊತೆಗೆ, ಮೂಲೆಯ ದೊಡ್ಡ ಕಂಪ್ಯೂಟರ್ ಯಂತ್ರಕ್ಕೆ ಹೋಗುತ್ತಿತ್ತು. ತಪ್ಪು ಹುಡುಕಲಿಕ್ಕೆ ಎಂದು ಮ್ಯಾನೇಜರ್ ಹೇಳಿದ್ದ. ಅದರ ಕಾರ್ಡು ತೊಂಬತ್ತೈದು ಡಿಗ್ರಿ ಮುಟ್ಟಿದರೆ ಯಂತ್ರ ತಾನಾಗಿ ಆರಿಹೋಗುತ್ತದೆ. ಆರಿದರೆ ಎಲ್ಲರಿಗೂ ಅರ್ಧ ಗಂಟೆ ಬಿಡುವು.

ಯಂತ್ರ ನೋಡಿಕೊಳ್ಳುವ ಅವಳಿಗೆ ಮಾತ್ರ ಬಿಡುವಿಲ್ಲ. "ನಾಲ್ಕು ಹಗಲು ನಾಲ್ಕು ರಾತ್ರಿ ಒಂದೇ ಉಸಿರಲ್ಲಿ ಓಡ್ಬೇಕು," ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ್ದ. "ಮಧ್ಯೆ ಆರಿದ್ರೆ ಮತ್ತೆ ಮೊದಲಿಂದ ಶುರು. ಮುಂದಿನ ಶುಕ್ರವಾರದೊಳಗೆ ಮುಗೀಲಿಲ್ಲ ಅಂದ್ರೆ ನಿಮ್ಮ ಜಾಗಕ್ಕೆ ಬೇರೆಯವರು. ಹಗಲಲ್ಲಿ ಗಂಟೆಗೊಂದ್ಸಲ ತಾಪ ನೋಡಿ ಪುಸ್ತಕದಲ್ಲಿ ಬರೀರಿ."

ಬರೆಯುತ್ತಿದ್ದಳು. ಅವಳ ಕೈಬರಹ ಇಡೀ ಕೋಣೆಗೆ ತಮಾಷೆ.

"ಇದು ಅಕ್ಷರಾನಾ, ಇರುವೆ ಕಾಲು ಮುರ್ಕೊಂಡು ಓಡಿದ್ದಾ?" ಎಂದು ಮ್ಯಾನೇಜರ್ ಪುಸ್ತಕವನ್ನು ತಾತನ ಮೇಜಿಗೇ ಒಯ್ಯುತ್ತಿದ್ದ. ತಾತ ಒಂದಕ್ಷರ ಬಿಡದೆ ಓದಿ ಎದೆ ಉಬ್ಬಿಸುತ್ತಿದ್ದ. "ಇದನ್ನ ಓದೋಕೆ ನನ್ನ ಬಿಟ್ರೆ ಇನ್ನೊಬ್ಬ ಹುಟ್ಟಿ ಬರ್ಬೇಕು ಸಾರ್."

ಅವಳು ನಗುತ್ತಿರಲಿಲ್ಲ. ಈ ಕೆಲಸಕ್ಕೆ ಮುಂಚೆ ಎಂಟು ತಿಂಗಳು ಅಕ್ಕನ ಮನೆಯ ಸೋಫಾದ ಮೇಲೆ ಮಲಗಿದ್ದಳು. ಭಾವ ಒಂದು ಮಾತೂ ಆಡಿದವನಲ್ಲ. ಬೆಳಿಗ್ಗೆ ಐದಕ್ಕೆ ಬಂದು, ಅವಳ ಕಾಲ ಬುಡದಲ್ಲಿ ಕೂತು, ಟಿವಿ ಹಾಕುತ್ತಿದ್ದ, ಅಷ್ಟೇ. ಸಿಟ್ಟು, ಅಳು, ನಗು ಎಲ್ಲ ಮರಗಟ್ಟಿದ್ದು ಆಗ. ಈಗಲೂ ಮಲಗುವುದು ಅದೇ ಸೋಫಾದ ಮೇಲೆ. ಸಂಬಳ ಬರುತ್ತದೆಂದು ಭಾವ ಈಗ ಟಿವಿ ಹಾಕುವುದು ಐದಕ್ಕಲ್ಲ, ಏಳಕ್ಕೆ.

ಗುರುವಾರ ಕಾರ್ಡನ್ನು ಪೂರ್ತಿ ಬಿಚ್ಚಿದಳು. ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು ಗಾಳಿ ಊದಿದಳು. ಚಿಪ್‌ನ ಮೇಲೆ ಒಣಗಿ ಹಕ್ಕಳೆಗಟ್ಟಿದ್ದ, ಶಾಖ ಸಾಗಿಸುವ ಹಳೆಯ ಪೇಸ್ಟನ್ನು ಸ್ಪಿರಿಟ್ ಹಚ್ಚಿ ಒರೆಸಿದಳು. ಬಟಾಣಿಯಷ್ಟು ಹೊಸ ಪೇಸ್ಟು ಇಟ್ಟು, ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿದಳು. ಅರವತ್ತೈದು ಡಿಗ್ರಿ. ಆಮೇಲೆ ಬೀರುವಿನ ಮರೆಯಲ್ಲಿ ನಿಂತು ಕಾದಳು.

ಮೂರು ಗಂಟೆಗೆ ತಾತ ಎದ್ದ. ಕತ್ತಿನ ಕಂದು ಮಫ್ಲರ್ ಬಿಚ್ಚಿದ. ಯಂತ್ರಕ್ಕೆ ಗಾಳಿ ಹೋಗುವ ಜಾಲರಿಯ ಮೇಲೆ, ಮಗುವಿಗೆ ಹೊದಿಸುವ ಹಾಗೆ, ಹರಡಿದ. ಉಳಿದ ಏಳು ಜನ ತಲೆ ಎತ್ತಲಿಲ್ಲ.

ಅವಳು ಹೋಗಿ ಮಫ್ಲರ್ ತೆಗೆದಳು.

"ನೋಡ್ಬಿಟ್ಯಾ," ಎಂದ ತಾತ.

"ನಿಮ್ಮ ಚಹಾಕ್ಕೋಸ್ಕರ ನನ್ನ ಕೆಲಸ ಹೋಗ್ಬೇಕಾ?"

ತಾತ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಅದಕ್ಕೆ ಜ್ವರ ಇರೋವಷ್ಟು ದಿನ ನಾವೆಲ್ಲ ಆರಾಮು ಕಣಮ್ಮ. ನೀನೂ ಸೇರಿ."

"ನನ್ನನ್ನ ಸೇರಿಸ್ಬೇಡಿ."

ಮಫ್ಲರ್ ಮಡಿಸಿ ಅವನ ಮಡಿಲಲ್ಲಿಟ್ಟಳು. ಮ್ಯಾನೇಜರ್‌ಗೆ ಚಾಡಿ ಹೇಳಲಿಲ್ಲ. ಶುಕ್ರವಾರ ಯಂತ್ರದ ಸುತ್ತ ಒಂದು ಗೇಣು ಜಾಗ ಬಿಟ್ಟು ಕಬ್ಬಿಣದ ಬಲೆ ಕೂರಿಸಿ ಬೀಗ ಹಾಕಿದಳು. ಕೀಲಿ ತನ್ನ ಜೇಬಿಗೆ.

ಸೋಮವಾರ ಸಂಜೆ ಯಂತ್ರ ಹೊಸದಾಗಿ ಶುರುವಾಯಿತು. ಅರವತ್ತನಾಲ್ಕು. ಅರವತ್ತಮೂರು. ಮತ್ತೆ ಅರವತ್ತಮೂರು. ಆ ವಾರ ಯಾರಿಗೂ ಬಿಡುವು ಸಿಗಲಿಲ್ಲ. ಬುಧವಾರದಿಂದ ಯಾರೂ ಅವಳನ್ನು ಮಾತನಾಡಿಸಲಿಲ್ಲ. ತಾತ ಮಫ್ಲರನ್ನು ಕಿವಿಯವರೆಗೆ ಸುತ್ತಿಕೊಂಡು ಟೈಪ್ ಮಾಡುತ್ತಲೇ ಇದ್ದ. ಮಾತು ಬಿಟ್ಟರೆ ಬಿಡಲಿ ಎಂದುಕೊಂಡಳು. ಸೋಫಾದ ಮೇಲೆ ಮಲಗಬೇಕಾದದ್ದು ಅವರಲ್ಲವಲ್ಲ.

ಶುಕ್ರವಾರ ಸಂಜೆ ಯಂತ್ರ ಒಂದು ಸಲ ಕುಂಯ್ ಎಂದು ನಿಂತಿತು. ಮುಗಿದಿತ್ತು. ಮ್ಯಾನೇಜರ್ ಮೊದಲ ಬಾರಿ ಅವಳ ಕೈ ಕುಲುಕಿದ.

"ನಿಮ್ಮಿಂದಾನೇ ಆಯ್ತು ನೋಡಿ. ಪುಸ್ತಕ ಇಲ್ಲೇ ಇಟ್ಟು ಹೋಗಿ."

ಶನಿವಾರ, ಭಾನುವಾರ ಭಾವ ಟಿವಿ ಹಾಕಿದ್ದು ನಿದ್ದೆಯಲ್ಲಿ ಅವಳಿಗೆ ಕೇಳಿಸಲೇ ಇಲ್ಲ.

ಸೋಮವಾರ ಬಂದಾಗ ಎಂಟು ಕುರ್ಚಿಗಳೂ ಮೇಜುಗಳ ಮೇಲೆ ತಲೆಕೆಳಗಾಗಿದ್ದವು. ಮೂಲೆಯ ಯಂತ್ರವೊಂದೇ ಗುಂಯ್‌ಗುಡುತ್ತಿತ್ತು.

"ಅವರೆಲ್ಲ ಎಲ್ಲಿ ಸಾರ್?"

"ಬೀಗದ ಕೀಲಿ ಕೊಟ್ಬಿಡಿ," ಎಂದ ಮ್ಯಾನೇಜರ್. "ಇದು ಮಧ್ಯಾಹ್ನ ಹೆಡ್ಡಾಫೀಸಿಗೆ ಹೋಗುತ್ತೆ. ಅಲ್ಲಿ ನೋಡ್ಕೊಳ್ಳೋರು ಇದ್ದಾರೆ." ಆಮೇಲೆ, ಕೀಲಿ ಕೈಗೆ ಬಂದ ಖುಷಿಗೋ ಏನೋ, ಪರದೆಯನ್ನು ಅವಳ ಕಡೆ ತಿರುಗಿಸಿದ. "ಪರೀಕ್ಷೆಗೆ ಅಂತ ಇದ್ದಿದ್ರಲ್ಲೇ ಅತಿ ಕೆಟ್ಟ ಕೈಬರಹ ಹುಡುಕಿ ಕೊಟ್ವಿ. ಟೈಪಿಸ್ಟೇ ಇಲ್ದೆ ಹೆಂಗೆ ಓದಿದೆ ನೋಡಿ."

ಪರದೆಯ ಮೇಲೆ, ಒಂದಕ್ಷರವೂ ತಪ್ಪದೆ, ಮುತ್ತು ಪೋಣಿಸಿದಂತೆ ಇತ್ತು: "ಶುಕ್ರವಾರ, ಸಂಜೆ ಐದು. ಕಾರ್ಡಿನ ತಾಪ ಅರವತ್ತೆರಡು. ತೊಂದರೆ ಏನೂ ಇಲ್ಲ."